ಉಸಿರಿನ ಬಿಲ್ಲೆಗೆ ಗಂಧ

ಕಾರವಾರದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರ ಕವಾಟದಲ್ಲಿ ತೆಳ್ಳನೆಯ ಬಿಲ್ಲೆಯೊಂದಿರುತ್ತದೆ. ರೋಗಿ ಉಸಿರು ಬಿಟ್ಟಾಗ ಅದು ಮೇಲೇಳುತ್ತದೆ, ಎಳೆದುಕೊಳ್ಳುವಾಗ ಕೂತು ದಾರಿ ಮುಚ್ಚುತ್ತದೆ. ಮುಚ್ಚದಿದ್ದರೆ ರೋಗಿ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕು.

ಆ ವರ್ಷದ ಆಯುಧಪೂಜೆಗೆ ಹಿರಿಯ ಸಿಸ್ಟರ್ ಮೇಲಿನ ಮುಚ್ಚಳ ತಿರುಗಿಸಿ ಬಿಲ್ಲೆಗೇ ಗಂಧ ಹಚ್ಚಿದ್ದರು. ಅಲ್ಲಾಡುವ ಭಾಗಕ್ಕೇ ಪೂಜೆ ಸಲ್ಲಬೇಕಂತೆ! ನನಗೆ ಹೇಳಲಿಲ್ಲ; ನಾನೂ ಬಿಚ್ಚಿ ನೋಡಲಿಲ್ಲ.

ಮರುದಿನ ಬೆಳಂಬಾರದ ಹೆಂಗಸೊಬ್ಬಳ ಆಪರೇಷನ್ ನಡುವೆ ಮೇಲೆದ್ದ ಬಿಲ್ಲೆ ಅಲ್ಲೇ ಅಂಟಿ ನಿಂತಿತು. ಗಡಬಡಿಸಿ ಬೇರೆ ಬಿಲ್ಲೆ ಹಾಕಿದೆ. ಅವಳು ಉಳಿದಳು.

“ನಿನ್ನೆ ಪೂಜೆ ಮಾಡಿದ್ದಕ್ಕೇ ಬಚಾವಾದ್ಲು ನೋಡು, ಮಾರಾಯಾ,” ಎಂದರು ಸಿಸ್ಟರ್. ಡಾಕ್ಟರರೂ ಹೌದೆಂದು ತಲೆಯಾಡಿಸಿದರು.

ಗಂಧ ಮೆತ್ತಿದ ಬಿಲ್ಲೆ ಇನ್ನೂ ನನ್ನ ಕೈಯಲ್ಲೇ ಇತ್ತು.