ಬಾಡಿ ಮೇಷ್ಟ್ರು ಕತ್ತರಿಸಿದ ವೈರು

ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವರನ್ನು ಎಲ್ಲರೂ ಬಾಡಿ ಮೇಷ್ಟ್ರು ಎನ್ನುತ್ತಿದ್ದರು. ತಗಡು ಬಗ್ಗಿಸುವುದರಲ್ಲಿ, ರಿವೆಟ್ ಹೊಡೆಯುವುದರಲ್ಲಿ ಅವರದು ಎತ್ತಿದ ಕೈ. ಮಾತಿನಲ್ಲೂ ಅಷ್ಟೆ. ತಾವು ಕಟ್ಟಿದ ಬಸ್ಸಿನ ಕಿಟಕಿ ಗಡಗಡ ಅನ್ನುವುದೇ ಇಲ್ಲ ಎನ್ನುತ್ತಿದ್ದರು. ಯಾವುದಾದರೂ ಗಡಗಡ ಅಂದರೆ ತಪ್ಪು ಡ್ರೈವರನದು.

ಅವರ ಹೆಂಡತಿ ಟೈಲರ್. ಮದುವೆಯಾದಾಗಿನಿಂದ ಊರೂರು ಸುತ್ತಬೇಕೆಂಬ ಆಸೆ ಆಕೆಗೆ. ಗಂಡನಿಗೆ ಬಿಡುವಾಗುವ ಹೊತ್ತಿಗೆ ಆಕೆಗೆ ನರದ ಕಾಯಿಲೆ ಅಂಟಿಕೊಂಡಿತು. ತಂಪಿನಲ್ಲಿದ್ದರೆ ಎಲ್ಲರ ಹಾಗೆ ಓಡಾಡುವಳು. ಸೆಕೆ ಏರಿತೋ, ಕಾಲು ಆಕೆಯ ಮಾತು ಕೇಳುತ್ತಿರಲಿಲ್ಲ, ನಾಲಿಗೆಯೂ ತೊದಲುತ್ತಿತ್ತು. ಬಿಸಿಲಿನಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದೇ ತಡ, ಆಕೆ ಆಸೆಯನ್ನು ಮಡಿಸಿ ಒಳಗಿಟ್ಟಳು.

"ಬಿಸಿಲಿಂದಾನೇ ನಿನಗೆ ತಂಪು ಮಾಡ್ತೀನಿ, ನೋಡ್ತಾ ಇರು," ಎಂದರು ಮೇಷ್ಟ್ರು.

ಗುಜರಿಗೆ ಹೋಗಬೇಕಿದ್ದ ಒಂದು ಹಳೇ ಬಸ್ಸು ತಂದರು. ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ಬಚ್ಚಲು ಕಟ್ಟಿದರು. ಟಾಪಿನ ಮೇಲೆ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರ್, ತಲೆಯ ಮೇಲೆ ಮನೆಗೆ ಹಾಕುವಂಥದೇ ದೊಡ್ಡ ಎಸಿ. ಮೊದಲ ಸಲ ಅದರ ಗಾಳಿ ಮುಖಕ್ಕೆ ಸೋಕಿದಾಗ ಆಕೆ ಕಣ್ಣು ಮುಚ್ಚಿ ನಿಂತುಬಿಟ್ಟಳು. ಮೇಷ್ಟ್ರ ಎದೆ ಅವತ್ತು ಉಬ್ಬಿದ್ದು ಮತ್ತೆ ಇಳಿಯಲೇ ಇಲ್ಲ.

ಆದರೆ ಶೆಡ್ಡಿನ ಅಂಗಳದಲ್ಲೇ ಅವರಿಗೆ ಗೊತ್ತಾಗಿತ್ತು. ಪ್ಯಾನೆಲ್ಲಿಗೆ ನೆತ್ತಿಯ ಬಿಸಿಲು ಬೀಳುವಷ್ಟು ಹೊತ್ತು ಎಸಿ ಸಲೀಸು. ಬಿಸಿಲು ವಾಲಿತೆಂದರೆ ಬ್ಯಾಟರಿ ಸರಸರನೆ ಇಳಿಯುತ್ತಿತ್ತು. ಎಸಿ ಚಿಕ್ಕದಾಗಬೇಕಿತ್ತು, ಇಲ್ಲವೇ ಬ್ಯಾಟರಿ ದೊಡ್ಡದು. ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಯೊಂದಿಗೆ ತಿರುಗಾಟಕ್ಕೆ ಹೊರಟ ಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ, "ಇಡೀ ದಿನ ಓಡುತ್ತೆ, ಕರೆಂಟಿನವರ ಮುಖ ನೋಡೋ ಹಾಗಿಲ್ಲ," ಎನ್ನುತ್ತಿದ್ದರು.

ಒಂದು ತಂಗುದಾಣದಲ್ಲಿ ಹಾಗೆ ಹೇಳುತ್ತಿರುವಾಗಲೇ ಇನ್ವರ್ಟರ್ ಕೀಂ ಕೀಂ ಎಂದು ಬಡಿದುಕೊಂಡಿತು. ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಅದು. ಕೇಳುತ್ತಿದ್ದ ಲಾರಿ ಡ್ರೈವರ್ ನಕ್ಕುಬಿಟ್ಟ. "ಏನ್ ಮೇಷ್ಟ್ರೇ, ನಿಮ್ಮ ಸೂರ್ಯನಿಗೆ ಹಸಿವಾಯ್ತಾ?"

ಸುತ್ತಲಿದ್ದವರೂ ನಕ್ಕರು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಕಟಿಂಗ್ ಪ್ಲೇಯರ್ ತೆಗೆದುಕೊಂಡು ಹಾಗೆ ಕೂಗುವ ಬಜರಿನ ವೈರನ್ನು ಕತ್ತರಿಸಿ ಹಾಕಿದರು.

ಮುಂದೆ ಅವರು ನಿಂತದ್ದು ಸಮುದ್ರದ ಪಕ್ಕದ ಒಂದು ಬಯಲಿನಲ್ಲಿ. ಅವರಂತೆಯೇ ಗಾಡಿಯಲ್ಲಿ ಬಂದವರು ಅಲ್ಲಿ ಬೇಕಾದಷ್ಟು ಜನ. ಪಕ್ಕದ ವ್ಯಾನಿನಲ್ಲಿ ಕೆಲಸ ಬಿಟ್ಟ ನರ್ಸ್ ಒಬ್ಬರಿದ್ದರು. ನರ್ಸಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ಊಟವಾದ ಮೇಲೆ ಹೆಂಡತಿ ಒಳಗೆ ಮಲಗಿದಳು. ಮೇಷ್ಟ್ರು ಹೊರಗೆ ಮರದಡಿ ಕುರ್ಚಿ ಹಾಕಿ, ಬಸ್ಸು ನೋಡಲು ಬಂದವರಿಗೆ ವಿವರಿಸತೊಡಗಿದರು. ಉಮೇದಿನಲ್ಲಿ ಕರೆಂಟ್ ಒಲೆಯನ್ನು ಹೊರಗೆ ತಂದು, "ಸೂರ್ಯನ ಕೈಲಿ ಚಹಾ ಮಾಡಿಸಿ ಕೊಡ್ತೀನಿ ಇರಿ," ಎಂದು ಎರಡೆರಡು ಸಲ ನೀರು ಕಾಯಿಸಿದರು. ಅಷ್ಟರಲ್ಲಿ ಮರದ ನೆರಳು ಟಾಪಿನ ಮೇಲೆ ಹರಿದಿತ್ತು. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೂ ಅದರ ಸಾಲಿನವೆಲ್ಲ ಸೊರಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಆದರೆ ಕೇಳುವ ಕಿವಿಗಳಿದ್ದವು. ತಲೆ ಎತ್ತಿ ನೋಡುವ ಪುರುಸೊತ್ತು ಇರಲಿಲ್ಲ. ಎರಡನೇ ಚಹಾ ಕುದಿದ ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಸದ್ದಿಲ್ಲದೆ ನಿಂತುಹೋಯಿತು. ಅದರೊಂದಿಗೆ ಎಸಿಯೂ.

ಮಾತಾಡಿಸಿಕೊಂಡು ಬರೋಣವೆಂದು ಒಳಗೆ ಹೋದ ನರ್ಸಮ್ಮ ಬಾಗಿಲಿಂದಲೇ ಕೂಗಿದರು. "ಮೇಷ್ಟ್ರೇ, ಬೇಗ ಬನ್ನಿ!"

ತಗಡಿನ ಬಸ್ಸು ಒಳಗೆ ಹೆಂಚಿನಂತೆ ಕಾದಿತ್ತು. ಹೆಂಡತಿ ಮಂಚದಿಂದ ಜಾರಿ ನೆಲದ ಮೇಲೆ ಬಿದ್ದಿದ್ದಳು. ಕಿಟಕಿ ತೆಗೆಯಲು ಹೋಗಿ ಕಾಲು ಕೈಕೊಟ್ಟಿತ್ತು. ಕೂಗಲು ನೋಡಿದ್ದಳಂತೆ, ನಾಲಿಗೆ ಹೊರಳಿರಲಿಲ್ಲ. ಹೊರಗೆ ಗಂಡನ ಮಾತು, ನಗು ಮಾತ್ರ ಕೇಳುತ್ತಿತ್ತು.

ಹೊತ್ತುಕೊಂಡು ಹೋಗಿ ಬಯಲಿನ ಸ್ನಾನದ ಕೋಣೆಯಲ್ಲಿ ಕೂರಿಸಿದರು. ನರ್ಸಮ್ಮ ನೀರು ಸುರಿದು, ಒದ್ದೆ ಟವೆಲ್ ಸುತ್ತಿ, ಗಾಳಿ ಹಾಕಿದರು. ನಿಧಾನಕ್ಕೆ ಮಾತು ಬಂತು, ಆಮೇಲೆ ಕಾಲೂ. ಆಕೆ ಮೊದಲು ಕೇಳಿದ್ದು, "ರೀ, ಆ ಇನ್ವರ್ಟರ್ ಯಾಕೆ ಕೂಗ್ಲಿಲ್ಲ?"

"ಕೆಟ್ಟಿರ್ಬೇಕು," ಎಂದರು ಮೇಷ್ಟ್ರು.

"ಮಷೀನ್ ಅಂದ್ಮೇಲೆ ಕೆಡೋದೇ," ಎಂದರು ನರ್ಸಮ್ಮ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ. ನಿಮಗೋಸ್ಕರ ಬಸ್ಸನ್ನೇ ಕಟ್ಟಿದಾರೆ."

ಆ ಮಾತು ಕೇಳಿ ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಹಾ ಕುಡಿದವರೆಲ್ಲ ಬಾಗಿಲಲ್ಲಿ ಗುಂಪುಗೂಡಿ ಅವರನ್ನೇ ಸಮಾಧಾನ ಮಾಡುತ್ತಿದ್ದರು. ಒಬ್ಬ ಬೆನ್ನು ತಟ್ಟಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸಿಗೆ ಹಿಂತಿರುಗಿ ಮಂಚದ ಕೆಳಗೆ ಬಗ್ಗಿದರು. ವೈರಿನ ಎರಡು ತುದಿಯೂ ಕತ್ತರಿಸಿದಲ್ಲಿ ನುಣ್ಣಗೆ, ಒಪ್ಪವಾಗಿದ್ದವು. ಯಾರು ನೋಡಿದರೂ ಇದು ತಾನಾಗಿ ಕೆಟ್ಟದ್ದು ಎನ್ನುವ ಹಾಗಿರಲಿಲ್ಲ.

ಸಂಜೆ ಹೆಂಡತಿ ನರ್ಸಮ್ಮನ ಜೊತೆ ಗಾಳಿಗೆ ಕೂತಿದ್ದಳು. ಮೇಷ್ಟ್ರು ಎದುರಿಗೆ ನಿಂತರು. "ಅದು ಕೆಟ್ಟಿರ್ಲಿಲ್ಲ ಕಣೇ. ನಾನೇ ಕತ್ತರಿಸಿದ್ದೆ. ಆವತ್ತು ಜನ ನಕ್ಕರಲ್ಲ, ಅದಕ್ಕೆ. ಇಡೀ ದಿನ ಓಡಲ್ಲ ಅಂತ ಮೊದಲೇ ಗೊತ್ತಿತ್ತು."

ನರ್ಸಮ್ಮ ಎದ್ದು ತಮ್ಮ ವ್ಯಾನಿನ ಕಡೆ ನಡೆದರು.

"ಬಿದ್ದಿದ್ದಕ್ಕೆ ಬೇಜಾರಿಲ್ಲ ರೀ," ಎಂದಳು ಹೆಂಡತಿ. "ಕಾಲು ನನ್ನದೇ, ಅದರ ಬುದ್ಧಿ ನನಗೆ ಗೊತ್ತು. ನೀವು ಅಲ್ಲಿ ಕೂತು ಯಾರಿಗೋ ಹೇಳ್ತಿದ್ರಿ, 'ನನ್ನ ಹೆಂಡ್ತಿ ಒಳಗೆ ರಾಣಿ ಥರ ಮಲಗಿದಾಳೆ' ಅಂತ. ನೆಲದ ಮೇಲೆ ಬಿದ್ಕೊಂಡು ಅದನ್ನ ಕೇಳಿಸ್ಕೊಂಡೆ."

ಮೇಷ್ಟ್ರು ಬಸ್ಸಿಗೆ ಹೋಗಿ ಕಿಟಕಿಗಳನ್ನೆಲ್ಲ ತೆಗೆದಿಟ್ಟರು.

ತಿರುಗಾಟ ನಿಲ್ಲಲಿಲ್ಲ, ನಿಲ್ಲಿಸಬಾರದೆಂದು ಆಕೆಯೇ ಹಟ ಹಿಡಿದಳು. ಮೇಷ್ಟ್ರು ವೈರು ಜೋಡಿಸಿದರು. ದೊಡ್ಡ ಎಸಿ ಇಳಿಸಿ, ಮಂಚದ ಭಾಗಕ್ಕೆ ಗೋಡೆ ಕಟ್ಟಿ, ಅಷ್ಟಕ್ಕೇ ಸಾಲುವ ಚಿಕ್ಕದನ್ನು ಕೂರಿಸಿದರು. ತಗಡಿಗೆ ಒಳಗಿನಿಂದ ದಪ್ಪ ಥರ್ಮೋಕೋಲ್ ಹಾಸಿದರು. ಗೋಡೆಯಲ್ಲಿ ಬಿಟ್ಟ ಬಾಗಿಲಿಗೆ ಪರದೆಯನ್ನು ಆಕೆಯೇ ಹೊಲಿದಳು. ಬಸ್ಸು ನೋಡಲು ಬಂದವರು ಎಸಿ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿದರೆ, "ಬಿಸಿಲಿದ್ದಷ್ಟು ಹೊತ್ತು, ಆಮೇಲೆ ಸ್ವಲ್ಪ. ನಂಬ್ಕೊಂಡು ಕೂರೋ ಹಾಗಿಲ್ಲ," ಎಂದು ತಲೆ ತಗ್ಗಿಸಿಯೇ ಹೇಳುತ್ತಾರೆ. ಕೇಳಿದವರಿಗೆ ಅದರಲ್ಲಿ ತಲೆ ತಗ್ಗಿಸುವುದೇನಿದೆ ಎಂದು ತಿಳಿಯುವುದಿಲ್ಲ.

ಮಧ್ಯಾಹ್ನ ಆಕೆ ಮಲಗಿದರೆ ಮಾತ್ರ ಅವರಿಗೆ ಹೊರಗೆ ಕೂರಲಾಗುವುದಿಲ್ಲ. ಮತ್ತೆ ಮತ್ತೆ ಹೋಗಿ ಪರದೆ ಸರಿಸಿ ಇಣುಕುತ್ತಾರೆ.

"ರೀ," ಎನ್ನುತ್ತಾಳೆ ಆಕೆ, ಕಣ್ಣು ಬಿಡದೆಯೇ, "ಹೀಗೆ ತೆಗೀತಾ ಇದ್ರೆ ತಂಪೆಲ್ಲ ಹೊರಗೆ ಹೋಗುತ್ತೆ. ಒಳಗಾದ್ರೂ ಬನ್ನಿ, ಇಲ್ಲಾ ಹೊರಗಾದ್ರೂ ಇರಿ."

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂರುತ್ತಾರೆ.