ಬಾಯಲ್ಲಿ ಕಚ್ಚಿದ ದಾರ

ಕಳೆದ ಸೋಮವಾರ ಬೆಳಿಗ್ಗೆ ಮಗಳು ಆಫೀಸಿಗೆ ಹೊರಟಿದ್ದಳು. ಅಕ್ಸ್‌ಬ್ರಿಡ್ಜ್ ಬಸ್ಸಿಗೆ ಇನ್ನು ಎಂಟು ನಿಮಿಷವಿದೆ ಎನ್ನುವಾಗ ಅವಳ ಕೋಟಿನ ನಡುವಿನ ಗುಂಡಿ ಕಿತ್ತು ಕೈಗೆ ಬಂತು. ಬ್ಯಾಗು, ಹೆಡ್‌ಫೋನು, ಮಫ್ಲರು ಎಲ್ಲವನ್ನೂ ಏರಿಸಿಕೊಂಡು ನಿಂತವಳಿಂದ ಕೋಟು ಬಿಚ್ಚಿಸುವುದು ನನ್ನಿಂದಾಗುವ ಕೆಲಸವಲ್ಲ. ಬಾಗಿಲ ಬಳಿ ಹಾಗೇ ನಿಲ್ಲಿಸಿ, ಸೂಜಿಗೆ ಕಪ್ಪು ದಾರ ಪೋಣಿಸಿ, ಇನ್ನೊಂದು ತುಂಡು ದಾರವನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

"ಡಿಸ್ಗಸ್ಟಿಂಗ್! ವೈ, ಅಮ್ಮಾ?" ಅಂದಳು.

"ಜಗೀತಾ ಇರು. ಹೊಲಿದು ಮುಗಿಯೋವರೆಗೂ ಮಾತಾಡಬೇಡ."

ಯಾಕೆ ಎಂದು ವಿವರಿಸಲು ಹೋಗಿದ್ದರೆ ಬಸ್ಸು ತಪ್ಪುತ್ತಿತ್ತು. ಹತ್ತಿಯ ದಾರಕ್ಕೆ ಒಂದು ವಾಸನೆಯಿದೆ, ಮೇಣ ಸವರಿದ್ದರೆ ಅದು ಇನ್ನೂ ಗಾಢ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಬಟನ್ ತಾತ ನೆನಪಾದರು. ನೆನಪಿಸಿಕೊಳ್ಳಬಾರದು ಎಂದು ನಾನು ಹಟ ಹಿಡಿದಿದ್ದ ಮನುಷ್ಯ...

ಬಟನ್ ತಾತ ಎಂದು ಹೆಸರಿಟ್ಟವಳು ಇದೇ ಮಗಳು, ಮೂರು ವರ್ಷದವಳಿದ್ದಾಗ. ನಾನು ಮಾತ್ರ ಅವರನ್ನು ಯಜಮಾನರು ಎನ್ನುತ್ತಿದ್ದೆ. ಕೆಲಸ ಕೊಟ್ಟವರನ್ನು ಮತ್ತೇನೆನ್ನುವುದು? ಒಮ್ಮೆ ಕ್ವೀನ್ಸ್‌ಬರಿಯಲ್ಲಿ ಕನ್ನಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ, ನಮ್ಮ ಯಜಮಾನರಿಗೆ ಎಂಬತ್ತು ತುಂಬಿತು, ಈಗಲೂ ಏಣಿ ಹತ್ತುತ್ತಾರೆ ಎಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿಯ ಹೆಂಗಸು ನನ್ನ ಮುಖವನ್ನೂ ತಾಳಿಯನ್ನೂ ಒಮ್ಮೆ ನೋಡಿ, ಬಾಯಲ್ಲಿದ್ದ ಹೋಳಿಗೆ ನುಂಗಲಾರದೆ, "ಅಯ್ಯ ಯವ್ವಾ, ನಿಮಗ ಹೇಳೋರು ಕೇಳೋರು ಯಾರೂ ಇರಲಿಲ್ಲೇನ್ರಿ?" ಎಂದಳು. ಎದುರಿಗಿದ್ದ ನನ್ನ ಗಂಡ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. ಆವತ್ತಿನಿಂದ ನನಗೂ ಅವರು ಬಟನ್ ತಾತನೇ ಆದರು.

ಎಜ್‌ವೇರ್ ಸ್ಟೇಷನ್ನಿನಿಂದ ಎರಡು ತಿರುವು ದಾಟಿದರೆ ಅವರ ಗುಂಡಿ ಅಂಗಡಿ ಇತ್ತು. ಮೈಸೂರಿನಿಂದ ಬಂದ ಮೊದಲ ಚಳಿಗಾಲಗಳಲ್ಲೊಂದರಲ್ಲಿ, ಗುಂಡಿ ಬಿದ್ದ ಕೋಟನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಮಗುವಿನ ಗಾಡಿ ತಳ್ಳುತ್ತಾ ಒಳಗೆ ಹೋದೆ. ಅವರು ಸೂಜಿ ತಂದು, ನಿಂತಲ್ಲೇ ಹೊಲಿಯತೊಡಗಿದರು. ನನ್ನ ಕೈಗೆ ಒಂದು ತುಂಡು ದಾರ ಕೊಟ್ಟರು. "ಜಗಿ. ನಾವು ಮೈಮೇಲೆ ಹೊಲಿಯೋದು ಹೆಣದ ಬಟ್ಟೆ ಮಾತ್ರ. ಜಗೀತಿದ್ದರೆ ಬದುಕಿದ್ದೀಯ ಅಂತ ಲೆಕ್ಕ," ಎಂದರು. ನನಗೆ ನಗು ಬಂತು. ಮೈಮೇಲಿನ ಬಟ್ಟೆಗೆ ಸೂಜಿ ಹಾಕಿದರೆ ನಮ್ಮಜ್ಜಿಯೂ ಕೂಗಾಡುತ್ತಿದ್ದರು. ಎಲ್ಲಿಯ ಮೈಸೂರಿನ ಒಂಟಿಕೊಪ್ಪಲು, ಎಲ್ಲಿಯ ಲಂಡನ್ನಿನ ಯಹೂದಿ ಮುದುಕ... ನಗುತ್ತಲೇ ದಾರ ಜಗಿದೆ. ಮರುವಾರ ಅಲ್ಲೇ ಕೆಲಸಕ್ಕೆ ಸೇರಿದೆ. ಹತ್ತೊಂಬತ್ತು ವರ್ಷ ಇದ್ದೆ.

ಅವರ ಅಪ್ಪ ಪೂರ್ವ ಲಂಡನ್ನಿನಲ್ಲಿ ದರ್ಜಿಯಾಗಿದ್ದರಂತೆ. ಇವರು ಹದಿನಾರಕ್ಕೇ ಸಂತೆಯಲ್ಲಿ ತಳ್ಳುಗಾಡಿ ಇಟ್ಟು ಗುಂಡಿ ಮಾರಿದವರು. ಅಂಗಡಿಯ ಗೋಡೆ ತುಂಬ ರಟ್ಟಿನ ಡಬ್ಬಿಗಳು, ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವ ಗುಂಡಿಯದೊಂದು ಮಾದರಿ ಹೊಲಿದಿರುತ್ತಿತ್ತು. ಯಾರಾದರೂ ಬಟ್ಟೆ ತಂದು ಬಣ್ಣ ಹೊಂದಿಸಲು ಕೇಳಿದರೆ ಡಬ್ಬಿ ಎತ್ತಿಕೊಂಡು ಗಿರಾಕಿಯನ್ನು ಫುಟ್‌ಪಾತಿಗೆ ಕರೆದೊಯ್ಯುತ್ತಿದ್ದರು. ಅಂಗಡಿಯ ದೀಪ ಸುಳ್ಳು ಹೇಳುತ್ತದೆ, ಬಣ್ಣವನ್ನು ಹಗಲಲ್ಲಿ ನೋಡಬೇಕು ಎಂಬುದು ಅವರ ಹಟ. ಹೊಂದದಿದ್ದರೆ ಮಾರುತ್ತಿರಲಿಲ್ಲ. ಮಳೆಯಲ್ಲಿ ನಾನು ಕೊಡೆ ಹಿಡಿಯಬೇಕು, ಅವರು ಎರಡು ಬಗೆಯ ಕಂದು ಬಣ್ಣವನ್ನು ಪಕ್ಕಪಕ್ಕ ಹಿಡಿದು ಐದು ನಿಮಿಷ ನಿಲ್ಲಬೇಕು.

ಸಂಸಾರವೆಂದರೆ ಪ್ರಾಣ. ದಿನಾ ನಾಲ್ಕು ಗಂಟೆಗೆ ಹೆಂಡತಿಗೆ ಫೋನು ಮಾಡಿ ಏನು ತರಲಿ ಎಂದು ಕೇಳುವರು, ಅವರು ಏನೂ ಬೇಡ ಎನ್ನುವರು, ಇವರು ಏನಾದರೂ ಒಯ್ಯುವರು. ಮೂವರು ಹೆಣ್ಣುಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು... ಶುಕ್ರವಾರ ಸೂರ್ಯ ಇಳಿಯುವ ಮೊದಲೇ ಬಾಗಿಲು ಹಾಕಿ, ಎಳ್ಳು ಉದುರಿಸಿದ ಜಡೆಬ್ರೆಡ್ಡು ಎರಡು ಕೊಂಡು ಮನೆಗೆ ಹೋಗುತ್ತಿದ್ದರು. ಮೂರನೆಯದೊಂದು ನನಗೆ. ಹೆಣ್ಣುಮಕ್ಕಳು ನಾಲ್ವರು ಎಂದು ಗಿರಾಕಿಗಳೆದುರು ನನ್ನನ್ನೂ ಸೇರಿಸಿ ಹೇಳುವರು. ನಾನು ನಂಬಿದೆ. ಇಲ್ಲಿ ನನಗೆ ತವರು ಎಂಬುದೊಂದು ಇದ್ದರೆ ಅದು ಆ ಅಂಗಡಿಯೇ ಆಗಿತ್ತು.

ಹನ್ನೆರಡನೇ ವರ್ಷವೋ ಏನೋ, ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ನನಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಹೇಳಿದಾಗ ಅವರು ನನ್ನನ್ನೂ ಫುಟ್‌ಪಾತಿಗೆ ಕರೆದುಕೊಂಡು ಹೋದರು, ಗುಂಡಿಯ ಬಣ್ಣ ನೋಡುವವರ ಹಾಗೆ. "ಹೋಗಬೇಡ. ಅಂಗಡಿ ಬಿಡೋ ಯೋಚನೆ ಬಂದರೆ ಮೊದಲು ಗೊತ್ತಾಗೋದು ನಿನಗೆ. ನನ್ನ ಹೆಂಡತಿಗಿಂತ ಮೊದಲು," ಎಂದರು. ನಾನು ಆ ಆಫೀಸಿನ ಕೆಲಸ ಕೈಬಿಟ್ಟೆ. ಮುಂದೊಂದು ದಿನ ಅಂಗಡಿಯನ್ನು ನಾನೇ ನಡೆಸುತ್ತೇನೆ ಎಂದಾಗಲೂ ಅವರು ಬೇಡವೆನ್ನಲಿಲ್ಲ. ನೋಡೋಣ, ಕಾಲ ಬರಲಿ ಎಂದರು.

ಕಾಲ ಬಂದದ್ದು ಒಂದು ಮಂಗಳವಾರ, ಟೇಪು ಹಿಡಿದ ಒಬ್ಬ ಯುವಕನ ರೂಪದಲ್ಲಿ. ಅವನು ಕೌಂಟರಿನ ಉದ್ದ ಅಳೆದು, ಕಿಟಕಿ ಅಳೆದು, ಈ ಡಬ್ಬಿಗಳನ್ನೆಲ್ಲ ಯಾವಾಗ ತೆಗೆಸುತ್ತೀರಿ ಎಂದು ಕೇಳಿದ. ಉಗುರು ಬಣ್ಣ ಹಚ್ಚುವ ಅಂಗಡಿ ಬರುತ್ತದಂತೆ. ಮೂರು ತಿಂಗಳ ಹಿಂದೆಯೇ, ಅವರ ಪಾಸೋವರ್ ಹಬ್ಬಕ್ಕೂ ಮೊದಲು, ಕಾಗದಕ್ಕೆ ಸಹಿ ಆಗಿತ್ತು. ಆ ಮೂರು ತಿಂಗಳೂ ನಾವಿಬ್ಬರು ದಿನಕ್ಕೆ ಎರಡು ಸಲ ಚಹಾ ಕುಡಿದಿದ್ದೇವೆ. ಹೊಸ ಡಬ್ಬಿಗಳಿಗೆ ನಾನು ಮಾದರಿ ಗುಂಡಿ ಹೊಲಿಯುತ್ತಿದ್ದಾಗ ಅವರು ನೋಡುತ್ತಾ ಕೂತಿದ್ದಾರೆ.

ಅವರು ಬಂದ ಮೇಲೆ ಕೇಳಿದೆ. ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಎಂಬತ್ತೆಂಟರ ಮುದುಕ.

"ಹೇಳಿದ್ದರೆ ನೀನು ಬೇರೆ ಕೆಲಸ ನೋಡಿಕೊಂಡು ಹೋಗಿಬಿಡ್ತಿದ್ದೆ," ಎಂದರು. "ಆಮೇಲೆ ಇಲ್ಲಿ ನಾನೊಬ್ಬನೇ ಕೂರಬೇಕಿತ್ತು."

ಇಷ್ಟೇ. ತಪ್ಪಾಯಿತು ಎನ್ನಲಿಲ್ಲ. ಗುಂಡಿಯ ಬಣ್ಣದ ವಿಷಯದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ ನನ್ನ ವಿಷಯದಲ್ಲಿ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬೀಗದ ಕೈ ಕೌಂಟರಿನ ಮೇಲಿಟ್ಟು ಹೊರಬಿದ್ದೆ. ಆಮೇಲೆ ಕೆಲವು ದಿನ ನಾಲ್ಕು ಗಂಟೆಗೆ ಸರಿಯಾಗಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ನಾನು ಎತ್ತಲಿಲ್ಲ. ಒಂದು ದಿನ ಅದೂ ನಿಂತಿತು...

ಆ ವರ್ಷದ ಚಳಿಗಾಲದಲ್ಲೇ ಅವರು ಹೋದರು. ಬ್ರೆಡ್ಡಿನಂಗಡಿಯವಳು ಹೇಳುವ ಹೊತ್ತಿಗೆ ಮಣ್ಣು ಮಾಡಿ ಎರಡು ದಿನವಾಗಿತ್ತು. ಅವರಲ್ಲಿ ಸತ್ತವರನ್ನು ಕಾಯಿಸುವುದಿಲ್ಲ. ಸೂತಕ ಕಳೆಯಲಿ, ಹನ್ನೊಂದು ದಿನ ಆದ ಮೇಲೆ ಹೋಗಿ ಮಾತಾಡಿಸಿಕೊಂಡು ಬರೋಣ ಎಂದುಕೊಂಡೆ. ಅದು ನಮ್ಮ ಮನೆಯ ಲೆಕ್ಕ. ನಿಜ ಹೇಳಬೇಕೆಂದರೆ ಸಿಟ್ಟೂ ಇಳಿದಿರಲಿಲ್ಲ, ಸೂತಕ ಒಂದು ನೆಪವಾಯಿತು.

ಹನ್ನೆರಡನೇ ದಿನ ಹಣ್ಣು ಹಿಡಿದುಕೊಂಡು ಪಿನ್ನರ್‌ನಲ್ಲಿರುವ ಅವರ ಹಿರಿಮಗಳ ಮನೆಗೆ ಹೋದೆ. ಆಕೆಗೆ ಅರವತ್ತು ದಾಟಿದೆ. ಕಾರ್ಡಿಗನ್ನಿನ ಕೊರಳಪಟ್ಟಿ ಹರಿದಿತ್ತು. ಹೆತ್ತವರು ಸತ್ತಾಗ ಬಟ್ಟೆ ಹರಿದುಕೊಂಡು ಹಾಗೇ ಬಿಡುವುದು ಅವರ ಪದ್ಧತಿ. ಏಳು ದಿನ ಎಲ್ಲರೂ ನೆಲಕ್ಕೆ ಹತ್ತಿರದ ಕುರ್ಚಿಗಳಲ್ಲಿ ಕೂತಿದ್ದೆವು, ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ನೀವು ಬರುತ್ತೀರಾ ಎಂದು ಅಮ್ಮ ದಿನಾ ಕೇಳುತ್ತಿದ್ದಳು ಎಂದಳು. ಬರಬೇಕಾದದ್ದೇ ಆ ಏಳು ದಿನಗಳಲ್ಲಿ ಎಂದು ನನಗೆ ಆಗ ತಿಳಿಯಿತು. ನಮ್ಮ ಲೆಕ್ಕ ಹೇಳಬೇಕೆಂದು ಬಾಯಿ ತೆರೆದೆ, ನೆಪದಂತೆಯೇ ಕೇಳಿಸುತ್ತದೆನಿಸಿ ಬಿಟ್ಟೆ.

ಹೊರಡುವಾಗ ಆಕೆ ನನ್ನ ಕೋಟಿನ ಗುಂಡಿ ಜೋತಾಡುವುದನ್ನು ಕಂಡಳು. ಅಪ್ಪ ಇದ್ದಿದ್ದರೆ ಇದನ್ನು ನೋಡಿ ಸುಮ್ಮನಿರುತ್ತಿದ್ದರೇ ಎಂದು ಸೂಜಿ ತಂದಳು. ಬೆಳಕಿಗಾಗಿ ಮುಂಬಾಗಿಲು ತೆರೆದು, ನನ್ನ ಬಾಯಿಗೆ ದಾರ ಕೊಟ್ಟು, ಎದೆಯ ಹತ್ತಿರ ತಲೆ ಬಾಗಿಸಿ ಹೊಲಿಯತೊಡಗಿದಳು. ಥೇಟ್ ಅವರದೇ ಕೈ. ಹೊಲಿಯುತ್ತಲೇ ಮೆಲ್ಲಗೆ ಹೇಳಿದಳು:

"ನಿಮ್ಮ ಮೇಲೆ ನಮಗೆ ಕೋಪ ಇಲ್ಲ. ನಿಮಗೆ ಸಾಕಾಗಿತ್ತು, ನೀವೇ ಬಿಡ್ತೀನಿ ಅಂದ್ರಿ, ಅದಕ್ಕೇ ಅಂಗಡಿ ಮಾರಬೇಕಾಯ್ತು ಅಂತ ಅಪ್ಪ ಹೇಳಿದ್ರು. ಹತ್ತೊಂಬತ್ತು ವರ್ಷ ಅಂದ್ರೆ ಕಮ್ಮಿಯಲ್ಲ. ಆದರೆ ನೀವು ಹೋದ ಮೇಲೆ ಅವರು ಕುಗ್ಗಿಹೋದರು."

ಮೊದಲ ಮೋಸವನ್ನು ಮುದುಕನ ಭಯ ಎಂದಾದರೂ ಒಪ್ಪಿಕೊಳ್ಳಬಹುದಿತ್ತು. ಆದರೆ ನನ್ನ ಹೆಸರಲ್ಲಿ ಸುಳ್ಳು ಹೇಳಿ, ನನ್ನನ್ನು ಬಿಟ್ಟುಹೋದವಳನ್ನಾಗಿ ಮಾಡಿ, ತಾನು ಎಲ್ಲರ ಕಣ್ಣಲ್ಲಿ ಒಳ್ಳೆಯವನಾಗಿಯೇ ಉಳಿದಿದ್ದ. ನಾಲ್ಕನೇ ಮಗಳಿಗೆ ಇಟ್ಟುಹೋದದ್ದು ಇದನ್ನೇ.

ದಾರ ತೆಗೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಟೇಪು ತಂದ ಯುವಕನ ವಿಷಯ, ಮೂರು ತಿಂಗಳ ಚಹಾದ ವಿಷಯ. ನನ್ನ ಕಣ್ಣೆದುರಿಗಿದ್ದದ್ದು ಆ ಹರಿದ ಕೊರಳಪಟ್ಟಿ. ಆಕೆ ತಲೆಯೆತ್ತಿ ಅಲ್ಲವೇ ಎಂಬಂತೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ, ದಾರ ಜಗಿಯುತ್ತಾ.

ಆ ಮನೆಯಲ್ಲಿ ಇವತ್ತಿಗೂ ಅವರು ದೇವರಂಥ ಅಪ್ಪ. ನಾನು ಕೊನೆಗಾಲದಲ್ಲಿ ಕೈಬಿಟ್ಟು ಹೋದವಳು. ಹಾಗಲ್ಲ ಎಂದು ಗೊತ್ತಿದ್ದವರು ಅವರೊಬ್ಬರೇ. ಎದುರು ಕೂರಿಸಿಕೊಂಡು ಜಗಳ ಆಡೋಣವೆಂದರೆ ಅವರೂ ಇಲ್ಲ. ಸಿಟ್ಟು ಮಾತ್ರ ಇದೆ. ನಾಲ್ಕು ಗಂಟೆಗೆ ಯಾರದೇ ಫೋನು ಬಂದರೂ ಈಗಲೂ ಎದೆ ಧಸಕ್ಕೆನ್ನುತ್ತದೆ, ಅದೂ ಇದೆ...

ಸೋಮವಾರ ಮಗಳ ಗುಂಡಿ ಹೊಲಿದು ಗಂಟು ಹಾಕಿ, ದಾರ ಕತ್ತರಿಸಿದೆ. ಅವಳು ಬಾಯಿಂದ ಒದ್ದೆ ದಾರ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಕ್ಯಾನ್ ಐ ಟಾಕ್ ನೌ, ಅಮ್ಮಾ?"

ಮಾತಾಡು ಅಂದೆ.