ಬೆರಳಿಗೆ ತಕ್ಕ ಬಿಳುಪು

ವಜ್ರ ವಿಂಗಡಿಸುವ ಆ ಕೋಣೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹದ್ದು ಎಂದೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಡಚಿದ ಬಿಳಿ ಕಾಗದದ ಮೇಲೆ ಕಲ್ಲನ್ನು ಬೋರಲು ಹಾಕಿ, ಪಕ್ಕದಲ್ಲಿ ಮಾದರಿ ಕಲ್ಲಿಟ್ಟು, ಬಿಳಿ ಟ್ಯೂಬ್‌ಲೈಟಿನ ಕೆಳಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಅವನ ಕೆಲಸ. ಬಣ್ಣವೇ ಇಲ್ಲದ ಕಲ್ಲು ಮೇಲಿನ ದರ್ಜೆ. ಹಳದಿ ಛಾಯೆ ಹೆಚ್ಚಿದಂತೆಲ್ಲ ದರ್ಜೆ ‘ಡಿ’ಯಿಂದ ಕೆಳಕ್ಕೆ, ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಇಳಿಯುತ್ತದೆ. ‘ಎಂ’ ಎನ್ನುವ ಅಕ್ಷರಕ್ಕೆ ಬರುವಷ್ಟರಲ್ಲಿ ಹಳದಿ ಯಾರ ಕಣ್ಣಿಗಾದರೂ ಬೀಳುತ್ತದೆ. ಅಂಥ ಕಲ್ಲುಗಳನ್ನು ಅವನು ಅತ್ತ ತಳ್ಳುತ್ತಿದ್ದ ರೀತಿ ನೋಡಬೇಕಿತ್ತು. ಅನ್ನದಲ್ಲಿ ಸಿಕ್ಕ ಕೂದಲನ್ನು ತೆಗೆದು ಹಾಕುವವರ ಮುಖ ಹಾಗಿರುತ್ತದೆ.

ಇಡೀ ದಿನ ಬಿಳಿ ಬೆಳಕು ತಿಂದ ಕಣ್ಣಿಗೆ ಮನೆಯಲ್ಲೂ ಅದೇ ಬೆಳಕು ಬೇಡ ಎಂದು ಅವನ ಹಟ. ಅಡುಗೆಮನೆ, ನಡುಮನೆ, ಬಚ್ಚಲು, ಎಲ್ಲೆಲ್ಲೂ ಹಳದಿ ಬಲ್ಬೇ. ಭಾನುವಾರವೂ ಕಿಟಕಿಯ ಪರದೆ ಸರಿಯುತ್ತಿರಲಿಲ್ಲ. “ಗುಹೇಲಿ ಸಂಸಾರ ಮಾಡ್ತಿದ್ದೀನಿ ಕಣ್ರೀ,” ಎಂದು ಹೆಂಡತಿ ನಗುತ್ತಿದ್ದಳು. ನಕ್ಕು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಇಂಥ ಗಂಡಸರಿಗೆ ಇಂಥ ಹೆಂಗಸರೇ ಯಾಕೆ ಸಿಗುತ್ತಾರೋ!

ಆ ವರ್ಷ ಅವಳಿಗೆ ಸುಸ್ತು ಶುರುವಾಯಿತು, ಮೈ ತುರಿಕೆ ಶುರುವಾಯಿತು. ಹೊರಗೆ ಹೋಗುವುದನ್ನೇ ಬಿಟ್ಟಳು. ಸೋಪು ಬದಲಾಯಿಸು ಎಂದು ಇವನು ಹೇಳಿದ. ಬದಲಾಯಿಸಿದಳು.

ಒಂದು ಮಧ್ಯಾಹ್ನ ಅವನು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ. ಅದನ್ನು ತಂದುಕೊಡಲು ಅವಳು ಕಾರ್ಖಾನೆಗೆ ಬಂದಳು. ಅವನ ಮೇಜಿನ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ ನಿಂತು ಕನ್ನಡಕ ಕೊಟ್ಟಳು. ಅವನು ಹಾಕಿಕೊಂಡು ತಲೆಯೆತ್ತಿದ. ಅವಳ ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಕೆನ್ನೆ, ಕತ್ತು, ಕನ್ನಡಕ ಚಾಚಿದ ಕೈ, ಯಾವುದೂ ಅವಳ ಬಣ್ಣದಲ್ಲಿರಲಿಲ್ಲ. ಎದೆ ಧಸಕ್ಕೆನ್ನುವ ಮೊದಲೇ ಅವನ ಪಾಪಿ ತಲೆ ಅಭ್ಯಾಸಬಲದಿಂದ ಒಂದು ಅಕ್ಷರ ಹೇಳಿಬಿಟ್ಟಿತ್ತು.

“ಏನ್ರೀ ಹಾಗೆ ನೋಡ್ತೀರಾ?” ಎಂದಳು.

“ಏನಿಲ್ಲ. ನಡಿ, ಡಾಕ್ಟರ ಹತ್ರ ಹೋಗಿ ಬರೋಣ.”

ಪಿತ್ತದ ನಾಳಕ್ಕೆ ಗಡ್ಡೆ ಅಡ್ಡ ಬಂದಿತ್ತು. ಅದು ಅಲ್ಲಿಗೇ ನಿಂತಿರಲಿಲ್ಲ. “ಕಣ್ಣು ಹಳದಿಯಾಗಿ ತಿಂಗಳುಗಳೇ ಆಗಿರಬೇಕು. ಮನೇಲಿ ಯಾರೂ ನೋಡ್ಲಿಲ್ವಾ?” ಎಂದು ಡಾಕ್ಟರು ಕೇಳಿದರು. ಹಳದಿ ಬೆಳಕಿನಲ್ಲಿ ಹಳದಿ ಕಾಣುವುದಿಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ. ಬೇರೆ ಊರಿನಲ್ಲಿ ಟೀಚರಾಗಿದ್ದ ಮಗಳು ಗಾಬರಿಯಿಂದ ಫೋನ್ ಮಾಡಿದಾಗ, “ದಿಢೀರ್ ಅಂತ ಬಂತಮ್ಮ,” ಎಂದ.

ಆಸ್ಪತ್ರೆಯವರು ಕೈ ಚೆಲ್ಲಿ ಮನೆಗೆ ಕಳಿಸಿದ ಮೇಲೆ ಅವಳು ಕೈಗಳನ್ನು ಹೊದಿಕೆಯ ಒಳಗೇ ಇಟ್ಟುಕೊಳ್ಳತೊಡಗಿದಳು. ಯಾರಾದರೂ ನೋಡಲು ಬಂದರೆ ಇನ್ನಷ್ಟು ಒಳಗೆ. ಒಂದು ದಿನ ತಾನಾಗಿಯೇ ಕೇಳಿದಳು.

“ಊರಿಗೆಲ್ಲ ವಜ್ರ ಆರಿಸ್ತೀರಿ. ನಂಗೊಂದು ಉಂಗುರ ಅಂತ ಮದುವೆಯಾದಾಗಿಂದ ಹೇಳ್ತಿದ್ದೀರಿ. ಇನ್ನಾದ್ರೂ ತಂದ್ಕೊಡಿ.”

“ನಾಳೇನೇ ತರ್ತೀನಿ.”

“ನೀರಿನ ಹಾಗಿರಬೇಕು ನೋಡಿ. ಹಳದಿ ಬಿದ್ದಿರೋದು ಬೇಡ. ಹಳದಿ ಏನಿದ್ರೂ ನನ್ನ ಮೈಮೇಲೇ ಬೇಕಾದಷ್ಟಿದೆ.” ತನ್ನ ಮಾತಿಗೆ ತಾನೇ ನಕ್ಕಳು. ಅವನಿಗೆ ನಗು ಬರಲಿಲ್ಲ.

ಕೊಡಲು ಅವನಲ್ಲಿ ಉಳಿದಿದ್ದುದು ಇದೊಂದೇ. ಇದೂ ತಪ್ಪಿದರೆ ಅವನನ್ನು ಅವನೇ ಕ್ಷಮಿಸಿಕೊಳ್ಳುವಂತಿರಲಿಲ್ಲ. ಮಾಲೀಕರನ್ನು ಕೇಳಿ ಅತಿ ಬಿಳಿಯದೊಂದು ಕಲ್ಲನ್ನು ಮನೆಗೆ ತಂದ. ಅವಳು ಔಷಧಿಯ ಅಮಲಿನಲ್ಲಿ ಮಲಗಿದ್ದಳು. ಪರದೆ ಸರಿಸಿ, ಹೊದಿಕೆಯಿಂದ ಅವಳ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು, ಚಿಮುಟದಲ್ಲಿ ಕಲ್ಲು ಹಿಡಿದು ಉಂಗುರದ ಬೆರಳಿನ ಮೇಲಿಟ್ಟ. ಕಲ್ಲು ಫಳಫಳ ಹೊಳೆಯಿತು. ಅದರ ಕೆಳಗೆ ಬೆರಳು ಅರಿಶಿನದಲ್ಲಿ ಅದ್ದಿ ತೆಗೆದಂತೆ ಕಂಡಿತು. ಅವನು ಬೆಂಕಿ ಮುಟ್ಟಿದವನ ಹಾಗೆ ಚಿಮುಟ ಹಿಂದೆಗೆದುಕೊಂಡ.

ಮರುದಿನ ಕಾಗದದ ಪೊಟ್ಟಣದಲ್ಲಿ ಬೇರೆ ಬೇರೆ ದರ್ಜೆಯ ಕಲ್ಲು ತಂದ. ಅವಳು ನಿದ್ದೆ ಹೋದಾಗ ಒಂದೊಂದನ್ನೇ ಬೆರಳಿಗಿಟ್ಟು ನೋಡಿದ. ಅಷ್ಟು ವರ್ಷ ಕಲ್ಲಿಗೆ ಕಲ್ಲು ಮಾದರಿಯಾಗಿತ್ತು, ಈಗ ಹೆಂಡತಿಯ ಬೆರಳು ಮಾದರಿ. ಇಳಿಯುತ್ತ ಇಳಿಯುತ್ತ, ಜೀವನವಿಡೀ ತಾನು ಅತ್ತ ತಳ್ಳಿದ್ದ ‘ಎಂ’ಗೆ ಬಂದ. ಅಲ್ಲಿ ಕಲ್ಲಿಗೂ ಬೆರಳಿಗೂ ರಾಜಿಯಾಯಿತು. ಕಲ್ಲು ಬಿಳಿಯಾಗಿ ಕಂಡಿತು, ಬೆರಳು ಬರೀ ಬೆರಳಾಗಿ ಕಂಡಿತು. ಅವನು ಮಂಚದ ಪಕ್ಕ ಕೂತು ಬಾಯಿಗೆ ಟವೆಲು ಒತ್ತಿಕೊಂಡು ಅತ್ತ.

ಕಲ್ಲಿನ ಹಳದಿ ಎದ್ದು ಕಾಣದಿರಲೆಂದು, ಕಲ್ಲು ಕೂರಿಸುವವನಿಗೆ ಹಳದಿ ಚಿನ್ನದಲ್ಲೇ ಕಟ್ಟಲು ಹೇಳಿದ. “ಹದ್ದಣ್ಣ, ನೀನು ‘ಎಂ’ ಆರಿಸೋದಾ? ಕಣ್ಣು ಹೋಯ್ತಾ?” ಎಂದು ಅವನು ಚೇಷ್ಟೆ ಮಾಡಿದ.

ಉಂಗುರ ತೊಡಿಸಿದ ದಿನ ಅವಳು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಬಿಳೀನೇ ಅಲ್ವೇನ್ರೀ?”

“ಬಿಳೀನೇ.”

“ನನ್ನ ಕೈಯೂ ಅಷ್ಟೇನೂ ಕೆಟ್ಟಿಲ್ಲ, ಅಲ್ವಾ?”

“ಏನೂ ಕೆಟ್ಟಿಲ್ಲ.”

ಅವತ್ತಿನಿಂದ ಅವಳ ಕೈ ಹೊದಿಕೆಯ ಮೇಲಿರುತ್ತಿತ್ತು. ನೋಡಲು ಬಂದವರಿಗೆಲ್ಲ ಚಾಚಿ ತೋರಿಸಿದಳು. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡಳು.

ಕ್ರಿಯಾಕರ್ಮವೆಲ್ಲ ಮುಗಿದ ಮೇಲೆ, ಊರಿಂದ ಬಂದಿದ್ದ ಮಗಳು ಆ ಉಂಗುರ ತೊಟ್ಟು ಕಿಟಕಿಯ ಹತ್ತಿರ ಹೋದಳು. ಅವಳದು ರಕ್ತ ತುಂಬಿದ, ಆರೋಗ್ಯವಂತ ಕೈ. ಅದರ ಮೇಲೆ ಕಲ್ಲು ಚಹಾ ಬಿದ್ದ ಬಟ್ಟೆಯಂತೆ ಕಂಡಿತು. ಹದ್ದಿನ ಮಗಳಲ್ಲವೇ, ಬಿಚ್ಚಿ ಪಕ್ಕದಿಂದಲೂ ನೋಡಿದಳು.

“ಅಪ್ಪ, ಇದು ಹಳದಿ ಕಲ್ಲು.”

“ಹೂಂ.”

“ಅಮ್ಮ ಬಿಳೀದು ಕೇಳಿದ್ಲು. ನನ್ನ ಹತ್ರಾನೂ ಫೋನಲ್ಲಿ ಹೇಳಿದ್ಲು, ನೀರಿನ ಹಾಗಿದೆ ಅಂತ. ಸಾಯೋವಳಿಗೆ ಏನು ಗೊತ್ತಾಗುತ್ತೆ ಅಂತಾನಾ ನೀನು ಇದನ್ನ ತಂದಿದ್ದು?”

ನಿಮ್ಮಮ್ಮನ ಬೆರಳನ್ನು ಸರಕಿನ ಹಾಗೆ ಕಲ್ಲಿನ ಪಕ್ಕ ಇಟ್ಟು ನೋಡಿದೆ ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ಸೂಕ್ಷ್ಮ ಕಾಣುವ ಕಣ್ಣಿಗೆ ಅಮ್ಮನ ಹಳದಿ ಮೊದಲೇ ಯಾಕೆ ಕಾಣಲಿಲ್ಲ? ಆ ಪ್ರಶ್ನೆಯನ್ನು ಮಗಳ ಬಾಯಿಂದ ಕೇಳುವ ಧೈರ್ಯ ಅವನಿಗಿರಲಿಲ್ಲ. ಜಿಪುಣ ಎನ್ನಿಸಿಕೊಳ್ಳುವುದೇ ಸುಲಭವಾಗಿ ಕಂಡಿತು.

“ಅಗ್ಗಕ್ಕೆ ಸಿಕ್ತು, ತಗೊಂಡೆ,” ಎಂದ.

ಮಗಳು ಉಂಗುರವನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಬ್ಯಾಗು ತುಂಬಿಕೊಂಡಳು. ಆಮೇಲೆ ಅವಳು ಅಪ್ಪನಿಗೆ ಮುಖ ಕೊಟ್ಟು ಮಾತಾಡಲಿಲ್ಲ.